ಫೈಟ್ ವಿಡಿಯೊ ನೋಡಿ ಜಪಾನಿನ ಆರ್‌ಪಿಜಿ ಕೊಳ್ಳಬೇಡಿ

ಜಪಾನಿನ ರೋಲ್ ಪ್ಲೇಯಿಂಗ್ ವಿಡಿಯೊ ಗೇಮ್‌ಗಳ (ಆರ್‌ಪಿಜಿ, ಅಂದರೆ ಕಥೆಯ ಪಾತ್ರವಾಗಿ ಆಡುವ ಆಟ) ಫೈಟ್‌ಗಳನ್ನು ಸಾಲಾಗಿ ತೋರಿಸಿ, ಯಾವ ಸರಣಿಯದು ಸೂಪರ್ ಅಂತ ರ‍್ಯಾಂಕ್ ಕೊಡುವ ವಿಡಿಯೊಗಳು ಈಗ ಎಲ್ಲೆಲ್ಲೂ ಇವೆ. ಅಂಥದ್ದೊಂದನ್ನು ನಂಬಿದ್ದಕ್ಕೆ ನನ್ನ ಸುಮಾರು 5,000 ರೂಪಾಯಿ ಹೋಯಿತು. ದುಡ್ಡು ಕೂಡಿಸಿ ವರ್ಷಕ್ಕೆ ಒಂದೋ ಎರಡೋ ಆಟ ಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸ್ಥಾನ ಕೊಟ್ಟಿದ್ದ ಆಟದ ತುಣುಕು ಅರ್ಧ ನಿಮಿಷವೂ ಇರಲಿಲ್ಲ. ನಾಯಕ ಗಾಳಿಯಲ್ಲೇ ನಿಂತು ಹೊಡೆಯುತ್ತಾನೆ, ಪರದೆ ತುಂಬಾ ಬಣ್ಣ ಬಣ್ಣದ ಮಿಂಚು, ಬಾಸ್ (ದೊಡ್ಡ ಶತ್ರು) ನೆಲಕ್ಕೆ. ಕೊಂಡು ಆಡಲು ಕೂತರೆ ಅದ್ಯಾವುದೂ ಇಲ್ಲ. ಒಂದೆರಡು ಬಗೆಯ ಹೊಡೆತ, ಏಟು ತಪ್ಪಿಸಿಕೊಳ್ಳಲು ಒಂದು ಡಾಡ್ಜ್, ಅಷ್ಟೇ. ಆ ತುಣುಕು ಕಥೆ ಮುಗಿದ ಮೇಲಿನದು ಅಂತ ಆಮೇಲೆ ಗೊತ್ತಾಯಿತು. ಎಲ್ಲ ಶಕ್ತಿಗಳೂ ಸಿಕ್ಕ ಸೇವ್ (ಆಡಿದ್ದನ್ನು ಉಳಿಸಿಟ್ಟ ಫೈಲ್) ಅದು. ಕೈಯಲ್ಲಿದ್ದ ಆಯುಧವೂ ಬೇರೆ ದುಡ್ಡು ಕೊಟ್ಟು ಕೊಳ್ಳಬೇಕಾದದ್ದು. ವಿಡಿಯೊದಲ್ಲಿ ಇದರ ಬಗ್ಗೆ ಒಂದು ಮಾತೂ ಇಲ್ಲ. ಕಾಮೆಂಟ್ ಹಾಕಿ ಕೇಳಿದೆ, ಕಾಮೆಂಟನ್ನೇ ಅಳಿಸಿದರು.

ಹಣವೂ ವಾಪಸ್ ಬರಲಿಲ್ಲ. ನಾನು ಕೊಂಡ ಆನ್‌ಲೈನ್ ಅಂಗಡಿ, ಡೌನ್‌ಲೋಡ್ ಆಗಿದೆಯಲ್ಲ ಅಂತ ಹೇಳಿ ಕೈ ತೊಳೆದುಕೊಂಡಿತು. ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಾದರೆ ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ರಿಫಂಡ್ ಕೇಳಬಹುದು. ಆದರೆ ಈ ಜಾತಿಯ ಎಷ್ಟೋ ಆಟಗಳಲ್ಲಿ ಆ 2 ಗಂಟೆ ಕಥೆಯ ದೃಶ್ಯಗಳಲ್ಲಿ, ಯಾವ ಬಟನ್ ಏನಕ್ಕೆ ಅನ್ನುವ ಪಾಠದಲ್ಲೇ ಕಳೆದುಹೋಗುತ್ತದೆ. ಫೈಟ್ ಹೇಗಿದೆ ಅಂತ ಗೊತ್ತಾಗುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ಆಟ ನಿಲ್ಲಿಸಲು ಪಾಜ್ ಒತ್ತಿ ಊಟಕ್ಕೆ ಹೋದರೆ ಆ ಸಮಯವೂ ಲೆಕ್ಕಕ್ಕೆ ಸೇರುತ್ತದೆ, ನೆನಪಿರಲಿ.

ನನಗೆ ಹೆಚ್ಚು ಕೋಪ ಬಂದಿದ್ದು ಮಾತ್ರ ಆ ಹೋಲಿಕೆಯ ಮೇಲೆಯೇ. ಈ ಸರಣಿಗಳ ಮಿಂಚು ಎಲ್ಲ ಒಂದೇ ತರಹದ್ದಲ್ಲ. ಪರ್ಸೋನಾ 5 ನೋಡಿ. ಕೆಂಪು ಕಪ್ಪು ಮೆನು, ಹಾರಿ ಬರುವ ಅಕ್ಷರಗಳು, ಎಲ್ಲವೂ ಓಡುತ್ತಿರುವಂತೆ ಕಾಣುತ್ತದೆ. ಒಳಗೆ ಅದು ಟರ್ನ್ ಬೇಸ್ಡ್, ಅಂದರೆ ಸರದಿಯ ಪ್ರಕಾರ ಹೊಡೆಯುವ ಆಟ. ನೀವು ಯೋಚಿಸುವವರೆಗೂ ಶತ್ರು ಕಾಯುತ್ತಾನೆ. ಅವನು ಯಾವುದಕ್ಕೆ ಸೋಲುತ್ತಾನೆ ಅಂತ ಹುಡುಕಿ ಹೊಡೆದರೆ ಇನ್ನೊಂದು ಸರದಿ ಸಿಗುತ್ತದೆ. ಎಲ್ಲರೂ ಬಿದ್ದರೆ ತಂಡವೇ ಒಟ್ಟಿಗೆ ನುಗ್ಗುತ್ತದೆ. ಅಲ್ಲಿನ ಅಬ್ಬರ ನಿಮ್ಮ ಲೆಕ್ಕಾಚಾರಕ್ಕೆ ಸಿಕ್ಕ ಫಲ. ನನಗೆ ಅದು ತುಂಬಾ ಇಷ್ಟ. ಆದರೆ ವೇಗ ಬೇಕು ಅಂತ ಕೊಂಡವರಿಗೆ ಬೇಸರ ಗ್ಯಾರಂಟಿ.

2021ರ ಟೇಲ್ಸ್ ಆಫ್ ಅರೈಸ್ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಯಾರೂ ಕಾಯುವುದಿಲ್ಲ. ನಾಲ್ವರು ಒಟ್ಟಿಗೆ ಬೆಂಕಿ, ಗಾಳಿ, ಬೆಳಕು ಎರಚುವಾಗ ಬಾಸ್ ಕೈ ಎತ್ತಿದ್ದೇ ಕಾಣದೆ ಎಷ್ಟೋ ಸಲ ಏಟು ತಿನ್ನಬೇಕಾಗುತ್ತದೆ. ಬಾಸ್‌ಗಳ ಜೀವಪಟ್ಟಿಯೂ ಉದ್ದ. ತುಣುಕಿನಲ್ಲಿ ಸೊಗಸಾಗಿ ಕಂಡ ಹೊಡೆತವನ್ನೇ ತುಂಬಾ ಹೊತ್ತು ಮತ್ತೆ ಮತ್ತೆ ಹೊಡೆಯುತ್ತಿರಬೇಕು.

ಝೆನೋಬ್ಲೇಡ್ ಕ್ರಾನಿಕಲ್ಸ್ 2 ಆಡಲು ಇನ್ನೂ ತಾಳ್ಮೆ ಬೇಕು. ತಂಡದವರು ಒಬ್ಬರ ಹಿಂದೊಬ್ಬರು ಹೊಡೆಯುವ ಚೈನ್ ಅಟ್ಯಾಕ್‌ನಲ್ಲಿ ಶತ್ರುವಿನ ಸುತ್ತಲಿನ ಗೋಳಗಳು ಒಡೆದು ಹೊಡೆತದ ಅಂಕಿ ಏರುವುದನ್ನು ನೋಡುವುದೇ ಒಂದು ಖುಷಿ. ಅದು ಸಿಗುವುದು ಹಲವು ಗಂಟೆ ಆಡಿದ ಮೇಲೆ. ಅಲ್ಲಿಯವರೆಗೆ ನಾಯಕ ನಿಂತಲ್ಲೇ ತಾನಾಗಿ ಕತ್ತಿ ಬೀಸುತ್ತಿರುತ್ತಾನೆ. ಫೈನಲ್ ಫ್ಯಾಂಟಸಿ 16ರಲ್ಲೂ ನಾಯಕ ಕ್ಲೈವ್‌ನ ದೊಡ್ಡ ಶಕ್ತಿಗಳು ಕಥೆ ಸಾಗಿದಂತೆ ಒಂದೊಂದಾಗಿ ಬರುತ್ತವೆ. ವಿಡಿಯೊಗಳಲ್ಲಿ ಓಡಾಡುವ, ಆ ಶಕ್ತಿಗಳಲ್ಲೊಂದಾದ ಓಡಿನ್‌ನ ಹೊಡೆತಗಳು ತೀರಾ ತಡವಾಗಿ ಸಿಗುತ್ತವೆ.

ಹಳೆಯ ಆಟಗಳೂ ಹೀಗೆಯೇ. 1997ರ ಫೈನಲ್ ಫ್ಯಾಂಟಸಿ 7ರಲ್ಲಿ 13 ಯೋಧರು ಬಂದು ಹೊಡೆಯುವ ದೃಶ್ಯ ಒಂದು ನಿಮಿಷ ದಾಟುತ್ತದೆ. ಮೂಲ ಆಟದಲ್ಲಿ ಅದನ್ನು ದಾಟಿಸಿ ಮುಂದೆ ಹೋಗುವ ಹಾಗಿಲ್ಲ. ಮೊದಲ ಸಲ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಅದನ್ನು ಪ್ರತಿ ಸಲವೂ ಪೂರ್ತಿ ನೋಡಬೇಕಲ್ವಾ?

ಹಾಗಾಗಿ ಯಾವುದಾದರೂ ರ‍್ಯಾಂಕ್ ವಿಡಿಯೊ ನೋಡಿ ಕಾರ್ಟ್‌ಗೆ ಹಾಕುವ ಮುಂಚೆ, ಅದೇ ಆಟವನ್ನು ಯಾರಾದರೂ ಸುಮ್ನೆ ಮೊದಲಿಂದ ಆಡಿದ ರೆಕಾರ್ಡಿಂಗ್ ಹುಡುಕಿ. ನಾಲ್ಕೈದನೇ ಗಂಟೆಯ ಒಂದು ಸಾಮಾನ್ಯ ಫೈಟ್ ನೋಡಿ, ಬಾಸ್ ಬೇಡ. ಆಟದಲ್ಲಿ ಜಾಸ್ತಿ ಹೊತ್ತು ನೀವು ಮಾಡುವುದು ಅದನ್ನೇ. ಡೆಮೊ (ಕೊಳ್ಳುವ ಮುಂಚೆ ಸ್ವಲ್ಪ ಆಡಿ ನೋಡುವ ಉಚಿತ ಭಾಗ) ಇದ್ದರೆ ಅದು ಎಲ್ಲಕ್ಕಿಂತ ಒಳ್ಳೆಯದು. ಮೆಟಫರ್ ರಿಫ್ಯಾಂಟಾಜಿಯೊ, ಡ್ರ್ಯಾಗನ್ ಕ್ವೆಸ್ಟ್ 11 ಎಸ್, ಫೈನಲ್ ಫ್ಯಾಂಟಸಿ 16, ಮೂರಕ್ಕೂ ಉಚಿತ ಡೆಮೊ ಬಂದಿದೆ. ಅವುಗಳಲ್ಲಿ ಆಡಿದ ಸೇವ್ ಪೂರ್ತಿ ಆಟಕ್ಕೂ ಬರುತ್ತದೆ, ಆಡಿದ್ದು ಹಾಳಾಗುವುದಿಲ್ಲ. ಡೆಮೊ ಇಲ್ಲದ ಆಟವನ್ನು ಪೂರ್ತಿ ಬೆಲೆಗೆ ಕೊಳ್ಳುವುದನ್ನು ನಾನಂತೂ ನಿಲ್ಲಿಸಿದ್ದೇನೆ. ಆ ವಿಡಿಯೊ ಇನ್ನೂ ಹಾಗೇ ಇದೆ, ಅದನ್ನು ನೋಡಿ ಕೊಳ್ಳುತ್ತಿರುವವರು ಇನ್ನೂ ಇದ್ದಾರೆ. ನಿಮ್ಮ ಗೆಳೆಯರಲ್ಲಿ ಯಾರಾದರೂ ಈ ಆಟಗಳಿಗೆ ಹೊಸಬರಿದ್ದರೆ ದಯವಿಟ್ಟು ಇದನ್ನು ಅವರಿಗೆ ಕಳಿಸಿ.