ಹೊರುವ ಅಭ್ಯಾಸಕ್ಕೆ ಯಾವುದು: ಮರಳಿನ ಗೋಣಿ, ಜಿಮ್ಮಿನ ರಾಡು, ಇಲ್ಲಾ ಜೊತೆಗಾರ?

ಅಗ್ನಿಶಾಮಕ ಭರ್ತಿಗೆ ತಯಾರಾಗುವವರು ಓಟದ ಹಿಂದೆ ಬೀಳುತ್ತಾರೆ, ಹೊರುವುದನ್ನು ಮರೆಯುತ್ತಾರೆ. 63 ಮಿ.ಮೀ. ಹೋಸ್ ಪೈಪು 15 ಮೀಟರ್ ಉದ್ದಕ್ಕೆ ನೀರು ತುಂಬಿಕೊಂಡರೆ ಒಳಗಿನ ನೀರೇ ಸುಮಾರು 47 ಕೆ.ಜಿ. ತೂಗುತ್ತದೆ. ಅದನ್ನು ಎಳೆಯಬೇಕು, ಪ್ರಜ್ಞೆ ತಪ್ಪಿದವರನ್ನು ಹೆಗಲಿಗೆ ಹಾಕಿಕೊಂಡು ಬರಬೇಕು. ದೈಹಿಕ ಪರೀಕ್ಷೆಗೆ ಯಾವ ಯಾವ ಸ್ಪರ್ಧೆ ಇವೆ ಎಂಬುದನ್ನು ಆಯಾ ಅಧಿಸೂಚನೆಯಲ್ಲೇ ಓದಿಕೊಳ್ಳಿ. ಇಲ್ಲಿ ಹೇಳುವುದು ಹೊರುವ ಅಭ್ಯಾಸದ ಮಾತು ಮಾತ್ರ.

ಮೂರನ್ನೂ ಮಾಡಿ ನೋಡಿದ ಮೇಲೆ ನನ್ನ ಓಟು ಮರಳಿನ ಗೋಣಿಗೆ.

ಜಿಮ್ಮಿನ ರಾಡು ಕೆಟ್ಟದ್ದೇನಲ್ಲ. ಸ್ಕ್ವಾಟ್, ಡೆಡ್‌ಲಿಫ್ಟ್‌ನಿಂದ ತೊಡೆ, ಸೊಂಟ ಗಟ್ಟಿಯಾಗುತ್ತವೆ, ತೂಕವನ್ನು ಎರಡೂವರೆ ಕಿಲೋ ಲೆಕ್ಕದಲ್ಲಿ ಏರಿಸಬಹುದು. ಆದರೆ ರಾಡು ಎರಡೂ ಕಡೆ ಸಮ ಇರುತ್ತದೆ, ಅಲುಗುವುದಿಲ್ಲ, ಹಿಡಿಯಲು ಹದವಾಗಿರುತ್ತದೆ. ಮನುಷ್ಯನ ಮೈ ಹಾಗಿರುವುದಿಲ್ಲ. ರಾಡು ಹೊತ್ತು ನೂರು ಮೀಟರ್ ಓಡಲು ಜಿಮ್ಮಿನಲ್ಲಿ ಜಾಗವೂ ಇರುವುದಿಲ್ಲ.

ಗೋಣಿಯ ರಗಳೆ ಒಂದೇ: ತುಂಬುವುದು. ಎಪಿಎಂಸಿ ಕಡೆ ಸಿಗುವ ಹಳೆಯ ಮೆಕ್ಕೆಜೋಳದ ಗೋಣಿಗೆ 50 ಕೆ.ಜಿ. ಮರಳು ಸುರಿದು ಬಾಯಿ ಹೊಲಿದರೆ ಚೀಲ ಅರ್ಧವೂ ತುಂಬುವುದಿಲ್ಲ, ಏಕೆಂದರೆ ಒಣಮರಳು ಲೀಟರಿಗೆ ಸುಮಾರು 1.6 ಕೆ.ಜಿ. ತೂಗುತ್ತದೆ. ಹೆಗಲಿಗೆ ಹಾಕಿದ ಕೂಡಲೇ ಮರಳೆಲ್ಲ ಒಂದು ತುದಿಗೆ ಜಾರಿ ಬೆನ್ನ ಹಿಂದೆ ಜಗ್ಗುತ್ತದೆ, ಸೊಂಟ ತಿರುಚುತ್ತದೆ. ಹಾಗೆಂದು ಸಣ್ಣ ಚೀಲಕ್ಕೆ ಬಿಗಿಯಾಗಿ ತುಂಬಿದರೆ ಅದು ಕಲ್ಲಿನ ದಿಮ್ಮಿಯಾಗುತ್ತದೆ, ಹೆಗಲ ಮೇಲೆ ಬಾಗುವುದೇ ಇಲ್ಲ. ನಾಲ್ಕು ಸಲ ನೆಲಕ್ಕೆ ಬಿದ್ದರೆ ಹೊಲಿಗೆ ಬಿಚ್ಚಿ, ಮರಳು ಕುತ್ತಿಗೆಗೆ ಇಳಿದು, ಬೆವರಿಗೆ ಅಂಟಿ ಚರ್ಮ ಉಜ್ಜಿಹೋಗುತ್ತದೆ.

ಇದಕ್ಕೆ ಒಳಚೀಲವೇ ಮದ್ದು. 10 ಕೆ.ಜಿ. ಅಕ್ಕಿಯ ಖಾಲಿ ಚೀಲ ನಾಲ್ಕು, 5 ಕೆ.ಜಿ.ಯವು ಎರಡು ತನ್ನಿ. ಅಕ್ಕಿಗಿಂತ ಮರಳು ಹೆಚ್ಚುಕಡಿಮೆ ಎರಡು ಪಟ್ಟು ಭಾರ, ಹಾಗಾಗಿ ಅಷ್ಟೇ ತೂಕಕ್ಕೆ ಚೀಲ ಅರ್ಧ ತುಂಬುತ್ತದೆ. ಮರಳಿಗೆ ತಾಗಿಸಿ ಕಟ್ಟಬೇಡಿ, ನಾಲ್ಕು ಬೆರಳು ಸಡಿಲ ಬಿಟ್ಟು ಸುತಳಿಯಿಂದ ಬಿಗಿಯಿರಿ. ಗೋಣಿಯ ಒಂದು ತುದಿಗೆ ಎರಡು ದೊಡ್ಡವು, ಒಂದು ಚಿಕ್ಕದು ಹಾಕಿ, ನಡುವೆ ಗೋಣಿಯನ್ನೇ ಸುತಳಿಯಿಂದ ಕಟ್ಟಿ, ಆಚೆ ತುದಿಗೂ ಅಷ್ಟೇ ಹಾಕಿ. ಬಾಯಿಯನ್ನು ಎರಡು ಮಡಿಕೆ ಮಡಚಿ ದಬ್ಬಣದಿಂದ ಹೊಲಿಯಿರಿ. ಈಗ 25-25 ಕಿಲೋ ಎರಡೂ ಕಡೆ ಜೋತುಬೀಳುತ್ತದೆ, ನಡುವಿನ ಕಟ್ಟು ಕುತ್ತಿಗೆಯ ಹಿಂದೆ ಕೂರುತ್ತದೆ. ಎಂ-ಸ್ಯಾಂಡ್ ಆದರೆ ಪುಡಿ ಉದುರುತ್ತದೆ, ಒಳಗೆ ದಪ್ಪ ಪ್ಲಾಸ್ಟಿಕ್ ಕವರ್ ಹಾಕಿ. ಮರಳು ಒಣಗಿರಲಿ. ಹಸಿ ಮರಳು ಒಣಗುತ್ತಾ ತೂಕ ಕಳೆದುಕೊಳ್ಳುತ್ತದೆ, ಗೋಣಿಯೂ ಕೊಳೆಯುತ್ತದೆ.

ಮೊದಲು ಕಡೆಗೊಂದರಂತೆ 10 ಕಿಲೋ ಚೀಲ ಹಾಕಿ, 20 ಕಿಲೋದಿಂದ ಶುರು ಮಾಡಿ. ಕುಕ್ಕುರುಗಾಲಲ್ಲಿ ಕೂತು, ಗೋಣಿಯನ್ನು ಎದೆಗೆ ತಬ್ಬಿ, ತೊಡೆಯ ಮೇಲಿಟ್ಟು, ಆಮೇಲೆ ಹೆಗಲಿಗೆ. ಹಮಾಲರನ್ನು ನೋಡಿ ಕಲಿಯಬೇಡಿ, ಅವರ ಬೆನ್ನಿಗೆ ಚೀಲ ಏರಿಸಲು ಇನ್ನೊಬ್ಬರು ಇರುತ್ತಾರೆ. ನೂರು ಮೀಟರನ್ನು ಇಳಿಸದೆ ನಾಲ್ಕು ಸುತ್ತು ನಡೆಯಲು ಬಂದರೆ ಕಡೆಗೆ 5 ಕಿಲೋ ಸೇರಿಸಿ. ಓಟ ಆಮೇಲೆ. ವಾರಕ್ಕೆ ಎರಡು ದಿನ ಸಾಕು. ಮರುದಿನ ವೇಗದ ಓಟ ಬೇಡ, ಮೀನಖಂಡ ಹಿಡಿಯುತ್ತದೆ. ಚಿತ್ರದುರ್ಗದವರು ಜೋಗಿಮಟ್ಟಿ ರಸ್ತೆಯ ಏರನ್ನು ಖಾಲಿ ಹೆಗಲಲ್ಲಿ ಹತ್ತಲಿ, ಗೋಣಿ ಹೊತ್ತು ಇಳಿಜಾರು ಇಳಿದರೆ ಮಂಡಿಗೆ ಪೆಟ್ಟು.

ಜೊತೆಗಾರನನ್ನು ಹೊರುವುದು ನಿಜಕ್ಕೆ ಎಲ್ಲಕ್ಕಿಂತ ಹತ್ತಿರ. ಆದರೆ 60 ಕಿಲೋ ಗೆಳೆಯನನ್ನು ಮೊದಲ ವಾರ 20 ಕಿಲೋ ಮಾಡಲಾಗದು, ಬೀಳಿಸಿದರೆ ಇಬ್ಬರ ಭರ್ತಿಯೂ ಹೋಯಿತು. 50 ಕಿಲೋ ಗೋಣಿ ಸಲೀಸಾದ ಮೇಲೆ, ಮಣ್ಣಿನ ನೆಲದಲ್ಲಿ, ವಾರಕ್ಕೊಮ್ಮೆ ಸಾಕು.

ಬೆಳಿಗ್ಗೆ ಆರಕ್ಕೇ ಮೈದಾನಕ್ಕೆ ಹೋಗುವ ರೂಢಿ ಇದ್ದವರಿಗೆ, ಕೈಯಲ್ಲಿ ದುಡ್ಡು ಕಡಿಮೆ ಇದ್ದವರಿಗೆ ಗೋಣಿಯೇ ಸರಿ. ಸಂಜೆ ಮಾತ್ರ ಬಿಡುವಿರುವವರು, ಮಳೆಗಾಲದಲ್ಲಿ ತಯಾರಾಗುವವರು ಜಿಮ್ಮಿಗೆ ಹೋಗಲಿ. ಉಳಿದವರು ಆ ಫೀಸನ್ನು ಓಟದ ಶೂಗೆ ಹಾಕಿ.