ಫೈಬರ್, ಏರ್ ಫೈಬರ್, ಹಾಟ್‌ಸ್ಪಾಟ್: ನಮ್ಮ ಮನೆಯ ಜಿಬಿ ಲೆಕ್ಕ

"ಅನ್‌ಲಿಮಿಟೆಡ್" ಅಂತ ಬರೆಯದ ಇಂಟರ್ನೆಟ್ ಪ್ಲಾನ್ ಈಗ ಹುಡುಕಿದರೂ ಸಿಗಲಿಕ್ಕಿಲ್ಲ. ನಿಜಕ್ಕೂ ಮಿತಿಯಿಲ್ಲದ ಪ್ಲಾನ್ ಸಿಗುವುದೂ ಅಷ್ಟೇ ಕಷ್ಟ. ಕೆಳಗೆ ಸಣ್ಣ ಅಕ್ಷರದಲ್ಲಿ ಎಫ್‌ಯುಪಿ (ಫೇರ್ ಯೂಸೇಜ್ ಪಾಲಿಸಿ) ಅಂತ ಒಂದು ಸಾಲು ಇದ್ದೇ ಇರುತ್ತದೆ: ಇಷ್ಟು ಜಿಬಿ ತನಕ ಹೇಳಿದ ಸ್ಪೀಡು, ಆಮೇಲೆ ಅವರು ಕೊಟ್ಟಷ್ಟು. ಸಾಗರದ ಪೇಟೆ ದಾಟಿದರೆ ಸಿಗುವ ನಮ್ಮ ಮನೆಯಲ್ಲಿ ಮೂರು ಬಗೆಯ ಕನೆಕ್ಷನ್ ಬಳಸಿ ನೋಡಿದ್ದೇನೆ. ನಾನು ಮನೆಯಿಂದಲೇ ಕಂಪನಿ ಕೆಲಸ ಮಾಡುವವನು. ಮಗನಿಗೆ ಗೇಮ್, ಅಪ್ಪಯ್ಯನಿಗೆ ಟಿವಿಯಲ್ಲಿ ಯೂಟ್ಯೂಬ್ ಹಾಕಿಕೊಂಡು ಯಕ್ಷಗಾನ. ಜತೆಗೆ ಅಡಿಕೆ ಒಣಗಿಸುವ ಅಂಗಳಕ್ಕೆ ಎರಡು ಕ್ಯಾಮೆರಾ.

ಮೊಬೈಲ್ ಹಾಟ್‌ಸ್ಪಾಟ್ ಕಥೆ ಬೇಗ ಮುಗಿಯುತ್ತದೆ. ದಿನಕ್ಕೆ 2 ಜಿಬಿ ಪ್ಲಾನ್, ಮುಗಿದ ಮೇಲೆ 64 ಕೆಬಿಪಿಎಸ್. ಅಂದರೆ ಸೆಕೆಂಡಿಗೆ 64 ಕಿಲೋಬಿಟ್; 8 ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ 8 ಕಿಲೋಬೈಟ್. 2 ಎಂಬಿಯ ಒಂದು ಫೋಟೊ ಹೋಗಲು ನಾಲ್ಕು ನಿಮಿಷ ದಾಟುತ್ತದೆ. 2024ರ ಜುಲೈ ದರ ಏರಿಕೆಯ ನಂತರ ದಿನಕ್ಕೆ 2 ಜಿಬಿ ಅಥವಾ ಅದಕ್ಕೂ ಮೇಲಿನ ಪ್ಲಾನ್ ಇದ್ದವರಿಗೆ 5ಜಿ ಅನ್‌ಲಿಮಿಟೆಡ್ ಅಂತೇನೋ ಮಾಡಿದರು. ಆದರೆ ನಮ್ಮ ಮನೆಯೊಳಗೆ ಬಂದರೆ ಫೋನು 4ಜಿಗೆ ಇಳಿಯುತ್ತದೆ, ಲೆಕ್ಕ ಓಡತೊಡಗುತ್ತದೆ. ಎಚ್‌ಡಿ ವಿಡಿಯೊ ಗಂಟೆಗೆ ಒಂದೂವರೆ, ಎರಡು ಜಿಬಿ ತಿನ್ನುವಾಗ ಯಕ್ಷಗಾನದ ಒಡ್ಡೋಲಗ ಮುಗಿಯುವುದರೊಳಗೆ ಡೇಟಾ ಖಾಲಿ. ಅಪ್ಪಯ್ಯ ರಾತ್ರಿ 12 ಗಂಟೆ ಆಗಲಿ ಅಂತ ಕಾದು ಕೂರುತ್ತಿದ್ದರು. ಹಿಂದೆ ಲ್ಯಾಂಡ್‌ಲೈನ್ ತಂತಿಯಲ್ಲೇ ಇಂಟರ್ನೆಟ್ ಬರುತ್ತಿದ್ದ ಬಿಎಸ್‌ಎನ್‌ಎಲ್ ಡಿಎಸ್‌ಎಲ್ ಕಾಲದಲ್ಲೂ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಮಿತಿಯಿಲ್ಲದ ಪ್ಲಾನ್ ಇತ್ತು, ಅಲಾರಂ ಇಟ್ಟು ಎದ್ದು ಡೌನ್‌ಲೋಡ್‌ಗೆ ಹಾಕಿ ಮಲಗಿದವರು ನನ್ನ ವಯಸ್ಸಿನವರಲ್ಲಿ ಬೇಕಾದಷ್ಟು ಜನ ಇದ್ದಾರೆ. ದಿನದ ಮಿತಿಯ ತೊಂದರೆಯೇ ಇದು. ಇವತ್ತು ಉಳಿದದ್ದು ನಾಳೆಗೆ ಬರುವುದಿಲ್ಲ, ನಾಳೆಯದ್ದು ಇವತ್ತಿಗೆ ಸಿಗುವುದಿಲ್ಲ.

ಏರ್ ಫೈಬರ್ ಹಾಕಿಸಿದಾಗ ಮನೆಗೆಲ್ಲ ಖುಷಿ. ಹೆಸರಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು 5ಜಿ ಸಿಗ್ನಲ್. ಮಾಡಿನ ಮೇಲೆ ಟವರ್ ಕಡೆ ಮುಖ ಮಾಡಿ ಒಂದು ಡಬ್ಬಿ ಕೂರಿಸಿ, ವೈರ್ ಎಳೆದು ಒಳಗಿನ ರೂಟರ್‌ಗೆ ಸಿಕ್ಕಿಸಿದರು. ಒಂದೇ ದಿನದಲ್ಲಿ ಕೆಲಸ ಮುಗಿಯಿತು. ಕಂಬ ಬೇಡ, ಮರದ ಟೊಂಗೆಯ ಹೆದರಿಕೆಯಿಲ್ಲ. ತಿಂಗಳಿಗೆ 1000 ಜಿಬಿ. ಜಿಯೋ, ಏರ್‌ಟೆಲ್ ಎರಡೂ ಏರ್ ಫೈಬರಿಗೆ ಇಟ್ಟಿದ್ದು ಇದೇ ಮಿತಿ. ದಿನಕ್ಕೆ 2 ಜಿಬಿಯಲ್ಲಿ ಒದ್ದಾಡಿದವರಿಗೆ 1000 ಅಂದರೆ ಸಮುದ್ರ.

ತಿಂಗಳ ಕೊನೆಯ ವಾರಕ್ಕೂ ಅದು ಬರಲಿಲ್ಲ. ಸ್ಪೀಡು 2 ಎಂಬಿಪಿಎಸ್‌ಗೆ (ಸೆಕೆಂಡಿಗೆ 2 ಮೆಗಾಬಿಟ್) ಬಿತ್ತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಆ ಕಡೆಯ ಹುಡುಗಿ ಶಾಂತವಾಗಿ ಹೇಳಿದಳು, "ಸರ್, ನಿಮ್ದು ಅನ್‌ಲಿಮಿಟೆಡ್ ಪ್ಲಾನೇ. ಲಿಮಿಟ್ ಮುಗಿದಿದೆ ಅಷ್ಟೇ." ಇದಕ್ಕಿಂತ ಚೆನ್ನಾಗಿ ಎಫ್‌ಯುಪಿಯನ್ನು ಯಾರೂ ವಿವರಿಸಿದ್ದು ನಾನು ಕೇಳಿಲ್ಲ.

ಮನೆಯವರೆಲ್ಲರ ಕಣ್ಣು ಮಗನ ಮೇಲೆ. ರೂಟರ್‌ನ ಆ್ಯಪ್ ತೆಗೆದು ಯಾವ ಸಾಧನ ಎಷ್ಟು ಎಳೆದಿದೆ ಅಂತ ನೋಡಿದರೆ ಅವನ ಹೆಸರು ತೀರಾ ಕೆಳಗೆ. ಆನ್‌ಲೈನ್ ಗೇಮ್ ಆಡುವಾಗ ಖರ್ಚಾಗುವುದು ಅತ್ಯಲ್ಪ, ಗೇಮಿನ ಅಪ್‌ಡೇಟ್ ಬಂದ ದಿನ ಮಾತ್ರ ಹತ್ತಾರು ಜಿಬಿ ಒಟ್ಟಿಗೆ ಹೋಗುತ್ತದೆ. ಪಟ್ಟಿಯ ತುದಿಯಲ್ಲಿದ್ದದ್ದು ಅಂಗಳದ ಎರಡು ಕ್ಯಾಮೆರಾ, ಅದೂ ಅಪ್‌ಲೋಡ್ ಕಡೆ. ಕೊಯ್ಲಿನ ಸಮಯ, ಅಡಿಕೆ ಕಳ್ಳತನದ ಭಯ, ಹಾಗಾಗಿ 24 ಗಂಟೆಯೂ ಕ್ಲೌಡ್‌ಗೆ ರೆಕಾರ್ಡ್ ಆಗುವ ಹಾಗೆ ಇಟ್ಟಿದ್ದೆವು. ಒಂದು ಕ್ಯಾಮೆರಾ 2 ಎಂಬಿಪಿಎಸ್‌ನಲ್ಲಿ ಕಳಿಸುತ್ತಾ ಇದ್ದರೆ ದಿನಕ್ಕೆ 21.6 ಜಿಬಿ. ಎರಡಕ್ಕೆ 43 ದಾಟಿತು. 1000 ಜಿಬಿಯನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ ಸಿಗುವುದೇ 33! ಡೌನ್‌ಲೋಡ್ ಅಷ್ಟೇ ಅಲ್ಲ, ಅಪ್‌ಲೋಡ್ ಕೂಡ ಮಿತಿಯೊಳಗೇ ಸೇರುತ್ತದೆ ಎಂಬುದನ್ನು ಕನೆಕ್ಷನ್ ಕೊಡಲು ಬಂದವರು ಹೇಳುವುದಿಲ್ಲ.

ಇನ್ನೂ ಒಂದು ಮಜಾ ಇದೆ. ಸ್ಪೀಡು 2ಕ್ಕೆ ಬಿದ್ದ ಮೇಲೂ ಕ್ಯಾಮೆರಾಗಳು ತಮ್ಮ ಪಾಡಿಗೆ ಎರಡೆರಡು ಎಂಬಿಪಿಎಸ್ ಕೇಳುತ್ತಲೇ ಇರುತ್ತವೆ. ಇದ್ದ ಲೈನನ್ನು ಅವೇ ತುಂಬಿಕೊಂಡರೆ ಫೋನ್‌ಪೇ ಸುತ್ತುತ್ತದೆ, ಆಫೀಸಿನ ಮೀಟಿಂಗಿನಲ್ಲಿ ನನ್ನ ಮುಖ ಬಾಯಿ ತೆರೆದಲ್ಲೇ ನಿಲ್ಲುತ್ತದೆ. 2023ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ಬ್ರಾಡ್‌ಬ್ಯಾಂಡ್ ಅನ್ನಲು ಬೇಕಾದ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಹಾಗೆ ನೋಡಿದರೆ ಮಿತಿ ಮುಗಿದ ಮೇಲೂ ನಮ್ಮದು ಬ್ರಾಡ್‌ಬ್ಯಾಂಡೇ.

ಆಮೇಲೆ ಫೈಬರ್. ಇಲ್ಲಿ ಸಾಮಾನ್ಯವಾಗಿ ಸಿಗುವ ಮಿತಿ 3300 ಜಿಬಿ, ದಿನಕ್ಕೆ 110. ಕ್ಯಾಮೆರಾ, ಯಕ್ಷಗಾನ, ಮೀಟಿಂಗ್, ಗೇಮಿನ ಅಪ್‌ಡೇಟ್ ಎಲ್ಲ ಸೇರಿಸಿದರೂ ನಮ್ಮ ಮನೆ ಅದರ ಹತ್ತಿರ ಸುಳಿದಿಲ್ಲ. 30 ಎಂಬಿಪಿಎಸ್‌ನ ಕಡಿಮೆ ದರದ ಪ್ಲಾನೇ ಸಾಕಾಯಿತು. ಏರ್ ಫೈಬರಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ ಅಂಕಿ ಇದಕ್ಕಿಂತ ಚಂದ ಕಾಣುತ್ತಿತ್ತು, ಸಂಜೆ ಏಳರ ಮೇಲೆ ಮಾತ್ರ ಎಲ್ಲರೂ ಅದೇ ಟವರಿಗೆ ನೇತುಬಿದ್ದು ಕುಸಿಯುತ್ತಿತ್ತು. ಫೈಬರ್‌ನಲ್ಲಿ ಆ ಏರಿಳಿತ ಇಲ್ಲ.

ಫೈಬರಿನ ಶತ್ರು ಮಳೆಗಾಲ. ಕೇಬಲ್ ಬರುವುದು ಕರೆಂಟ್ ಕಂಬದ ಮೇಲೆ. ಆಷಾಢದ ಗಾಳಿಗೆ ಒಂದು ಟೊಂಗೆ ಬಿದ್ದರೆ ರೂಟರಿನಲ್ಲಿ ಕೆಂಪು ಲೈಟು ಹತ್ತುತ್ತದೆ, ಲೈನ್‌ಮನ್ "ನಾಳೆ ಬರ್ತೀನಿ ಮಾರಾಯ್ರೆ" ಅನ್ನುತ್ತಾನೆ, ಆ ನಾಳೆ ಮೂರು ನಾಲ್ಕು ಸಲ ಬರುತ್ತದೆ. ಹಾಗಾಗಿ 2 ಜಿಬಿಯ ಮೊಬೈಲ್ ರೀಚಾರ್ಜ್ ಬಿಟ್ಟಿಲ್ಲ. ಆ ದಿನಗಳಲ್ಲಿ ಮೀಟಿಂಗ್ ಹಾಟ್‌ಸ್ಪಾಟ್‌ನಲ್ಲಿ, ವಿಡಿಯೊ ಬಿಟ್ಟು ಬರೀ ಧ್ವನಿ.

ಏರ್ ಫೈಬರ್ ಬೇಡವೇ ಬೇಡ ಅಂತ ನಾನು ಹೇಳಲಾರೆ. ಬೆಂಗಳೂರಲ್ಲಿ ಬಾಡಿಗೆ ಮನೆಯಲ್ಲಿರುವ ತಂಗಿಗೆ ಅದೇ ಸರಿ. ಮನೆ ಮಾಲೀಕರು ಗೋಡೆ ಕೊರೆಯಲು ಬಿಡುವುದಿಲ್ಲ, ಗಂಡ ಹೆಂಡತಿ ಇಬ್ಬರೇ, ಕ್ಯಾಮೆರಾ ಇಲ್ಲ, ತಿಂಗಳ ಕೊನೆಗೂ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ. ನಮ್ಮಲ್ಲಿ ಫೈಬರ್ ನಿಂತಿತು. ಕ್ಯಾಮೆರಾಕ್ಕೆ ಮೆಮೊರಿ ಕಾರ್ಡ್ ಹಾಕಿ, ರೆಕಾರ್ಡಿಂಗ್ ಅದರಲ್ಲೇ ಉಳಿಯುವ ಹಾಗೆ ಮಾಡಿ, ಏನಾದರೂ ಅಲುಗಾಡಿದಾಗ ಮಾತ್ರ ಕ್ಲೌಡ್‌ಗೆ ಹೋಗಲಿ ಅಂತ ಬದಲಿಸಿದ್ದೇನೆ. ಕಾಗೆ ಬಂದು ಕೂತರೂ, ಗಾಳಿಗೆ ತೆಂಗಿನ ಗರಿ ಹೊಯ್ದಾಡಿದರೂ ಅಲರ್ಟ್ ಬರುತ್ತದೆ. ಅದಕ್ಕೆ ಖರ್ಚಾಗುವ ಜಿಬಿ ಮಾತ್ರ ಈಗ ಲೆಕ್ಕಕ್ಕೇ ಸಿಗದಷ್ಟು.