ಕೋಳಿಯ ಕರುಳಿಗೊಂದು ಪುಡಿ: ಎರಡು ಬ್ಯಾಚುಗಳ ನಂತರದ ಅಭಿಪ್ರಾಯ

ಕೋಳಿ ಆಹಾರಕ್ಕೆ ಬೆರೆಸುವ ಪ್ರೊಬಯಾಟಿಕ್, ಅಂದರೆ ಕರುಳಿಗೆ ಒಳ್ಳೆಯದು ಮಾಡುವ ಜೀವಂತ ಸೂಕ್ಷ್ಮಜೀವಿಗಳಿರುವ, ಪುಡಿಯೊಂದನ್ನು ನಮ್ಮ ಶೆಡ್ಡಿನಲ್ಲಿ ಎರಡು ಬ್ಯಾಚುಗಳಿಗೆ ಬಳಸಿ ನೋಡಿದ ಮೇಲೆ ಈ ಅಭಿಪ್ರಾಯವನ್ನು ಬರೆಯುತ್ತಿದ್ದೇನೆ. ನಮ್ಮದು ದಾವಣಗೆರೆ ಸುತ್ತಿನ ಮೆಕ್ಕೆಜೋಳದ ಸೀಮೆಯಲ್ಲಿರುವ, ಯಾವ ಕಂಪನಿಯ ಗುತ್ತಿಗೆಗೂ ಒಳಪಡದ, ಬ್ಯಾಚಿಗೆ 500 ಗಿರಿರಾಜ ಮರಿ ಬಿಡುವ ಸಣ್ಣ ಸಾಕಣೆ. ಗುತ್ತಿಗೆಯ ಮೇಲೆ ಬ್ರಾಯ್ಲರ್ ಸಾಕುವವರಿಗೆ ಮರಿ, ಆಹಾರ, ಔಷಧ ಮೂರೂ ಕಂಪನಿಯಿಂದಲೇ ಬರುವುದರಿಂದ ಚೀಲದಲ್ಲಿ ಏನು ಬೆರೆತಿರಬೇಕು ಎಂಬುದು ಅವರ ಕೈಯಲ್ಲಿಲ್ಲ. ಜೋಳ ಬೀಸಿ, ಸೋಯಾ ಹಿಂಡಿ ಕೂಡಿಸಿ ತಾವೇ ಆಹಾರ ತಯಾರಿಸಿಕೊಳ್ಳುವ ನಮ್ಮಂಥವರಿಗೆ ಮಾತ್ರ ಈ ಆಯ್ಕೆಯೂ ಅದರ ಜೊತೆಗಿನ ಗೊಂದಲವೂ ಉಳಿದಿವೆ. ಪೊಟ್ಟಣದ ಮೇಲಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ವಸ್ತು ಬೇರೆ ಬೇರೆ ಹೆಸರುಗಳಲ್ಲಿ ಮಾರಾಟವಾಗುತ್ತಿರುವಾಗ, ಹೆಸರಿಗಿಂತ ಚೀಟಿಯಲ್ಲಿ ಏನು ಬರೆದಿದೆ ಎಂಬುದನ್ನು ನೋಡಿ ಕೊಳ್ಳುವುದೇ ಸರಿ.

ಚೀಟಿಯಲ್ಲಿ ಬರೆದಿದ್ದುದು ಇಷ್ಟು: ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ಸ್ಪೋರ್ ರೂಪದಲ್ಲಿ, ಗ್ರಾಂ ಒಂದಕ್ಕೆ 100 ಕೋಟಿ ಸಿಎಫ್‌ಯು (ಬೆಳೆಯಬಲ್ಲ ಜೀವಂತ ಬ್ಯಾಕ್ಟೀರಿಯಾಗಳ ಎಣಿಕೆ); ಒಂದು ಟನ್ ಆಹಾರಕ್ಕೆ 500 ಗ್ರಾಂ. ಸ್ಪೋರ್ ಎಂದರೆ ಗಟ್ಟಿ ಕವಚ ಹೊದ್ದು ಮಲಗಿರುವ ಬ್ಯಾಕ್ಟೀರಿಯಾ. ಆಹಾರವನ್ನು ಗುಳಿಗೆ ಮಾಡುವಾಗಿನ ಬಿಸಿಯನ್ನೂ ಹೊಟ್ಟೆಯ ಆಮ್ಲವನ್ನೂ ತಾಳಿಕೊಂಡು ಕರುಳಿಗೆ ಹೋಗಿ ಎಚ್ಚರಗೊಳ್ಳುವ ಶಕ್ತಿ ಅದಕ್ಕಿದೆ. ಸ್ಪೋರ್ ಕಟ್ಟದ ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳಿಗೆ ಬಿಸಿಯನ್ನು ತಾಳುವ ಆ ಶಕ್ತಿ ಇಲ್ಲ. ಲೆಕ್ಕ ಹಾಕಿದರೆ ಕೋಳಿ ತಿನ್ನುವ ಪ್ರತಿ ಗ್ರಾಂ ಆಹಾರಕ್ಕೆ 5 ಲಕ್ಷ ಸ್ಪೋರ್‌ಗಳು ಬೀಳುತ್ತವೆ. ಈ ಲೆಕ್ಕವನ್ನು ಇಲ್ಲಿ ಕೊಡಲು ಕಾರಣವಿದೆ. ಅದೇ ಅಂಗಡಿಯಲ್ಲಿ ನನಗೆ ಮೊದಲು ತೋರಿಸಿದ ಇನ್ನೊಂದು ಪೊಟ್ಟಣದ ಮೇಲೆ ಹತ್ತು ಬಗೆಯ ಬ್ಯಾಕ್ಟೀರಿಯಾ, ಯೀಸ್ಟ್, ಕಿಣ್ವ, ವಿಟಮಿನ್ ಎಂದು ಉದ್ದನೆಯ ಪಟ್ಟಿಯಿತ್ತು, ಆದರೆ ಯಾವುದು ಎಷ್ಟಿದೆ ಎಂಬ ಸಂಖ್ಯೆ ಒಂದೂ ಇರಲಿಲ್ಲ. ಸಂಖ್ಯೆ ಇಲ್ಲದ ಪ್ರೊಬಯಾಟಿಕ್ ಪೊಟ್ಟಣವನ್ನು, ಅದರ ಬೆಲೆ ಎಷ್ಟೇ ಕಡಿಮೆಯಿರಲಿ, ಅಲ್ಲಿಯೇ ಬಿಟ್ಟು ಬರಬೇಕು.

ಇಂಥ ಪುಡಿಯ ಅಗತ್ಯವಾದರೂ ಏನು ಎಂದು ನಮ್ಮ ತಾಯಿಯವರು ಕೇಳಿದ್ದರು. ಅವರು ಸಾಕಿದ ನಾಟಿ ಕೋಳಿಗಳಿಗೆ ಯಾರೂ ಪುಡಿ ಹಾಕಿರಲಿಲ್ಲ. ಆದರೆ ಆ ಪ್ರಶ್ನೆಯಲ್ಲೇ ಉತ್ತರವೂ ಇದೆ. ಕಾವು ಕೂತ ಹೇಂಟೆಯ ಮರಿ ಹೊರಬಂದ ದಿನದಿಂದಲೇ ತಾಯಿಯ ಹಿಂದೆ ಓಡಾಡಿ, ಅವಳು ಕೆದರಿದ ತಿಪ್ಪೆಯಲ್ಲಿ ಕುಕ್ಕಿ, ಅವಳ ಹಿಕ್ಕೆಯ ಅಂಶವನ್ನೂ ನುಂಗಿ, ಬೆಳೆದ ಕೋಳಿಯ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳನ್ನು ಪಿತ್ರಾರ್ಜಿತವಾಗಿ ಪಡೆಯುತ್ತದೆ. ಯಂತ್ರದಲ್ಲಿ ಒಡೆದ ಮೊಟ್ಟೆಯ ಮರಿ ತಾಯಿಯ ಮುಖವನ್ನೇ ಕಾಣುವುದಿಲ್ಲ. ಅದರ ಖಾಲಿ ಕರುಳಿಗೆ ಮೊದಲು ಯಾವುದು ಹೊಕ್ಕರೆ ಅದರದೇ ಆಳ್ವಿಕೆ. ಫಿನ್ಲೆಂಡಿನ ನೂರ್ಮಿ ಮತ್ತು ರಾಂಟಲ ಎಂಬ ವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆಳೆದ ಕೋಳಿಯ ಕರುಳಿನ ದ್ರವ್ಯವನ್ನು ಆಗಷ್ಟೇ ಹುಟ್ಟಿದ ಮರಿಗಳಿಗೆ ಕುಡಿಸಿದಾಗ ಅವು ಸಾಲ್ಮೊನೆಲ್ಲಾ ಎಂಬ ರೋಗಕಾರಕ ಬ್ಯಾಕ್ಟೀರಿಯಾದ ಸೋಂಕನ್ನು ಎದುರಿಸಿ ನಿಂತವು. ಈಗಿನ ಪುಡಿಗಳ ಹಿಂದಿನ ವಿಚಾರದ ಮೂಲ ಇದೇ. ಬ್ಯಾಸಿಲಸ್ ಮಾತ್ರ ಕರುಳಿನಲ್ಲಿ ಮನೆ ಮಾಡಿಕೊಂಡು ನೆಲೆಸುವುದಿಲ್ಲ, ಹಾದುಹೋಗುವಾಗ ಕೆಲಸ ಮಾಡುತ್ತದೆ. ಆದ್ದರಿಂದ ಎರಡು ದಿನ ಹಾಕಿ ಎರಡು ದಿನ ಬಿಡುವ ಪದ್ಧತಿಯಿಂದ ಹಣ ವ್ಯರ್ಥ.

ಶೆಡ್ಡಿನ ನಡುವೆ ಜಾಲರಿ ಕಟ್ಟಿ ಎರಡು ಪಾಲು ಮಾಡಿ, ಒಂದು ಪಾಲಿನ 250 ಕೋಳಿಗಳಿಗೆ ಪುಡಿ ಬೆರೆಸಿದ ಆಹಾರ, ಇನ್ನೊಂದು ಪಾಲಿಗೆ ಬೆರೆಸದ ಆಹಾರ ಕೊಟ್ಟೆವು. ಪಶ್ಚಿಮದ ಕಡೆ ಎರಚಲು ಹೆಚ್ಚಾದ್ದರಿಂದ ಎರಡನೆಯ ಬ್ಯಾಚಿನಲ್ಲಿ ಪಾಲುಗಳನ್ನು ಅದಲುಬದಲು ಮಾಡಿದೆವು. ಬೆರೆಸುವ ಕ್ರಮದ ಬಗ್ಗೆ ಒಂದು ಮಾತು: 500 ಗ್ರಾಂ ಪುಡಿಯನ್ನು ನೇರವಾಗಿ ಟನ್ ಆಹಾರದ ಮೇಲೆ ಚೆಲ್ಲಿದರೆ ಒಂದು ಕೋಳಿಗೆ ಎಲ್ಲವೂ, ಇನ್ನೊಂದಕ್ಕೆ ಏನೂ ಇಲ್ಲ ಎಂಬಂತಾಗುತ್ತದೆ. ಮೊದಲು ಒಂದೆರಡು ಕೆಜಿ ಜೋಳದ ಹಿಟ್ಟಿನಲ್ಲಿ, ಅದನ್ನು ಮತ್ತೆ 25 ಕೆಜಿಯಲ್ಲಿ ಕಲಸಿ, ಆಮೇಲೆ ಮಿಕ್ಸರಿಗೆ ಹಾಕಬೇಕು.

ಮಾರುವವರು ತೂಕದ ಮಾತಾಡುತ್ತಾರೆ. ಎಂಟು ವಾರಕ್ಕೆ ತೂಗಿದಾಗ ನಮ್ಮ ಎರಡು ಪಾಲುಗಳ ನಡುವೆ ಕಂಡ ವ್ಯತ್ಯಾಸ ಅತ್ಯಲ್ಪ. ಅದನ್ನೇ ನಂಬಿ ಈ ಪುಡಿಯನ್ನು ಕೊಳ್ಳಿರೆಂದು ನಾನು ಹೇಳಲಾರೆ. ವ್ಯತ್ಯಾಸ ಕಂಡದ್ದು ನೆಲದಲ್ಲಿ. ಪುಡಿಯಿಲ್ಲದ ಪಾಲಿನಲ್ಲಿ ನಾಲ್ಕನೆಯ ವಾರದ ಹೊತ್ತಿಗೆ ಭತ್ತದ ಹೊಟ್ಟಿನ ಹಾಸು ನೀರಿನ ಡ್ರಿಂಕರುಗಳ ಸುತ್ತ ಮಾತ್ರವಲ್ಲದೆ ನಡುವೆಯೂ ಹೆಪ್ಪುಗಟ್ಟಿ ಹಪ್ಪಳದಂತಾಗಿತ್ತು, ಎರಡು ಬಾರಿ ಹೊಸ ಹೊಟ್ಟು ಹರಡಬೇಕಾಯಿತು. ಇನ್ನೊಂದು ಪಾಲಿನಲ್ಲಿ ಹಿಕ್ಕೆ ಗಟ್ಟಿಯಾಗಿ, ಮೇಲೆ ಬಿಳಿ ಟೋಪಿಯಿಟ್ಟಂತೆ ಬೀಳುತ್ತಿದ್ದು, ದಿನಕ್ಕೊಮ್ಮೆ ಕುಂಟೆಯಿಂದ ಕೆದಕಿದರೆ ಸಾಕಾಗುತ್ತಿತ್ತು. ಜೀರ್ಣವಾಗದೆ ಉಳಿದ ಆಹಾರವನ್ನು ಕ್ಲಾಸ್ಟ್ರಿಡಿಯಂನಂಥ ಕೆಟ್ಟ ಬ್ಯಾಕ್ಟೀರಿಯಾಗಳು ತಿಂದು ಹೆಚ್ಚಿದಾಗ ಕರುಳಿನ ಒಳಪದರ ಕೆರಳಿ ಹಿಕ್ಕೆ ನೀರಾಗುತ್ತದೆ, ನೀರಾದ ಹಿಕ್ಕೆಯಿಂದ ಹಾಸು ಒದ್ದೆಯಾಗುತ್ತದೆ, ಒದ್ದೆ ಹಾಸಿನಲ್ಲಿ ಹಿಕ್ಕೆಯ ಯೂರಿಕ್ ಆಮ್ಲ ಕೊಳೆತು ಅಮೋನಿಯಾ ಏಳುತ್ತದೆ. ಈ ಸರಪಳಿಯ ಕೊನೆಯ ಕೊಂಡಿ ಕೋಳಿಯ ಕಣ್ಣು ಮತ್ತು ಅಂಗಾಲು. ಅಮೋನಿಯಾ 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿಗೆ 25 ಪಾಲು) ದಾಟಿದರೆ ಕಣ್ಣು ಉರಿದು, ಶ್ವಾಸನಾಳದ ಕೂದಲುಗಳಂಥ ರಕ್ಷಣೆ ಹಾಳಾಗಿ, ಉಸಿರಾಟದ ರೋಗಗಳಿಗೆ ದಾರಿಯಾಗುತ್ತದೆ. ನಿತ್ಯ ಶೆಡ್ಡಿನೊಳಗೆ ಓಡಾಡುವ ನಮ್ಮ ಮೂಗಿಗೆ ಅದು ಅಭ್ಯಾಸವಾಗಿಬಿಟ್ಟಿರುತ್ತದೆ, ಅದೂ ನಾವು ಉಸಿರಾಡುವುದು ಐದಡಿ ಎತ್ತರದಲ್ಲಿ. ಒಮ್ಮೆ ಕುಕ್ಕರುಗಾಲಿನಲ್ಲಿ ಕೂತು ಕೋಳಿಯ ಮಟ್ಟದಲ್ಲಿ ಉಸಿರೆಳೆದು ನೋಡಿದರೆ ಗೊತ್ತಾಗುತ್ತದೆ.

ಮಾರಾಟಕ್ಕೆ ಮೊದಲು ಪ್ರತಿ ಪಾಲಿನಿಂದ 25 ಕೋಳಿಗಳನ್ನು ಹಿಡಿದು ಅಂಗಾಲು ತಿರುಗಿಸಿ ನೋಡಿದೆವು. ಮೊದಲ ಬ್ಯಾಚಿನಲ್ಲಿ ಪುಡಿಯಿಲ್ಲದ ಪಾಲಿನ ಒಂಬತ್ತು ಕೋಳಿಗಳಿಗೆ ಕಪ್ಪು ಹುಣ್ಣಿತ್ತು, ಪುಡಿ ತಿಂದವುಗಳಲ್ಲಿ ನಾಲ್ಕಕ್ಕೆ. ಪಾಲು ಬದಲಿಸಿದ ಎರಡನೆಯ ಬ್ಯಾಚಿನಲ್ಲಿ ಅಂತರ ಕಡಿಮೆಯಾಯಿತಾದರೂ ದಿಕ್ಕು ಬದಲಾಗಲಿಲ್ಲ. ಅಂಗಾಲು ಹುಣ್ಣಾದ ಕೋಳಿ ನೋವಿಗೆ ನಡೆಯದೆ ಕೂತೇ ಇರುತ್ತದೆ, ಕೂತದ್ದಕ್ಕೆ ಎದೆಯ ಚರ್ಮವೂ ಒದ್ದೆಗೆ ಸುಡುತ್ತದೆ. ತಕ್ಕಡಿಗೆ ಬರುವ ತನಕ ಅದು ಪಟ್ಟ ಪಾಡು ತಕ್ಕಡಿಯಲ್ಲಿ ಕಾಣುವುದಿಲ್ಲ.

ಇನ್ನು ಅಂಗಡಿಯವರು ಕೊಟ್ಟ ಒಂದು ಭರವಸೆಯನ್ನು ಇಲ್ಲಿ ಅಲ್ಲಗಳೆಯಲೇಬೇಕು. ಇದನ್ನು ಹಾಕಿದರೆ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್, ಹತ್ತಿರ ಸುಳಿಯುವುದಿಲ್ಲ ಎಂದಿದ್ದರು. ಎರಡನೆಯ ಬ್ಯಾಚಿನ ಐದನೆಯ ವಾರದಲ್ಲಿ ಮೂರು ದಿನ ಎಡೆಬಿಡದೆ ಮಳೆ ಸುರಿದು, ಟಾರ್ಪಾಲಿನ ಸಂದಿಯಿಂದ ನೀರು ನುಗ್ಗಿ ಹಾಸು ನೆನೆದಾಗ, ಪುಡಿ ತಿನ್ನುತ್ತಿದ್ದ ಪಾಲಿನಲ್ಲೂ ರೆಕ್ಕೆ ಇಳಿಬಿಟ್ಟು ಮುದುರಿ ಕೂತ ಕೋಳಿಗಳೂ ರಕ್ತ ಬೆರೆತ ಹಿಕ್ಕೆಯೂ ಕಂಡವು. ಐಮೀರಿಯಾ ಎಂಬ ಪರೋಪಜೀವಿಯನ್ನು ಈ ಪುಡಿ ಕೊಲ್ಲುವುದಿಲ್ಲ. ಒದ್ದೆ ಹಾಸಿನಲ್ಲಿ ಅದರ ತತ್ತಿಗಳು ಬಲಿಯುವುದನ್ನು ಒಣ ಹಾಸು ಮಾತ್ರ ತಡೆಯಬಲ್ಲದು. ಪಶುವೈದ್ಯರ ಸಲಹೆಯಂತೆ ನೀರಿನಲ್ಲಿ ಆಂಪ್ರೋಲಿಯಂ ಕೊಟ್ಟೆವು. ಅದು ವಿಟಮಿನ್ ಬಿ1ರ ಸೋಗಿನಲ್ಲಿ ಪರೋಪಜೀವಿಯನ್ನು ಉಪವಾಸ ಕೆಡಹುವ ಔಷಧವಾದ್ದರಿಂದ, ಅದೇ ದಿನಗಳಲ್ಲಿ ಚೇತರಿಕೆಗೆಂದು ಬಿ ಕಾಂಪ್ಲೆಕ್ಸ್ ಹಾಕಬಾರದು. ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗಿದೆ. ಆಂಪ್ರೋಲಿಯಂ ಆಂಟಿಬಯಾಟಿಕ್ ಅಲ್ಲದ್ದರಿಂದ ಪುಡಿಯನ್ನು ನಿಲ್ಲಿಸಬೇಕಾಗಲಿಲ್ಲ. ಆಂಟಿಬಯಾಟಿಕ್ ಕೊಡುವ ಪ್ರಸಂಗ ಬಂದಾಗ ಮಾತ್ರ ಎರಡನ್ನೂ ಒಟ್ಟಿಗೆ ಹಾಕುವುದು ಒಂದು ಕೈಯಿಂದ ಬಿತ್ತಿ ಇನ್ನೊಂದು ಕೈಯಿಂದ ಕಿತ್ತಂತೆ.

ಬೆಳವಣಿಗೆಗೆಂದು ಆಹಾರದಲ್ಲೇ ಆಂಟಿಬಯಾಟಿಕ್ ಬೆರೆಸುವ ರೂಢಿಯನ್ನು ಯುರೋಪಿಯನ್ ಒಕ್ಕೂಟ 2006ರ ಜನವರಿಯಿಂದಲೇ ನಿಷೇಧಿಸಿತು. ನಮ್ಮಲ್ಲಿ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ಕಿನ ಇಂಥ ಬಳಕೆಯನ್ನು ಕೇಂದ್ರ ಸರ್ಕಾರ 2019ರ ಜುಲೈಯಲ್ಲಿ ನಿಷೇಧಿಸಿದೆ. ಮನುಷ್ಯರಿಗೆ ಬೇರೆ ಔಷಧ ಹತ್ತದಿದ್ದಾಗ ಕೊನೆಗೆ ಕೊಡುವ ಔಷಧವನ್ನು ಕೋಳಿಯ ತೂಕಕ್ಕಾಗಿ ಸುರಿಯುತ್ತಿದ್ದೆವೆಂಬುದು ನೆನೆದರೆ ಮುಜುಗರವಾಗುತ್ತದೆ.

ಇದೇ ಕಪಾಟಿನಲ್ಲಿ ಸಿಗುವ ಇತರ ಪುಡಿಗಳ ಪೈಕಿ, ಮಳೆಗಾಲದಲ್ಲಿ ಕೊಯ್ದ ಜೋಳ ಬಳಸುವವರು ಮೊದಲು ಖರ್ಚು ಮಾಡಬೇಕಾದದ್ದು ಆಹಾರದಲ್ಲಿನ ಬೂಷ್ಟಿನ ವಿಷವನ್ನು ಹಿಡಿದಿಡುವ ಟಾಕ್ಸಿನ್ ಬೈಂಡರಿನ ಮೇಲೆ ಎಂಬುದು ನನ್ನ ಅಭಿಪ್ರಾಯ. ಸರಿಯಾಗಿ ಒಣಗದ ಜೋಳದ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಯಕೃತ್ತನ್ನೂ ರೋಗನಿರೋಧಕ ಶಕ್ತಿಯನ್ನೂ ಕೆಡಿಸುತ್ತದೆ. ಬೆಂಟೊನೈಟ್ ಜೇಡಿ ಅದನ್ನು ಹಿಡಿದು ಹಿಕ್ಕೆಯ ಮೂಲಕ ಹೊರಹಾಕುತ್ತದೆ. ಬ್ಯುಟಿರಿಕ್ ಆಮ್ಲದ ಪುಡಿ ಕರುಳಿನ ಒಳಪದರದ ಜೀವಕೋಶಗಳಿಗೆ ನೇರ ಆಹಾರವೇ ಹೌದು, ಆದರೆ ಲೇಪನವಿಲ್ಲದ್ದು ಕರುಳಿನ ಆರಂಭದಲ್ಲೇ ಕರಗಿಹೋಗುವುದಲ್ಲದೆ, ಅದರ ಹಳಸಿದ ಬೆಣ್ಣೆಯ ನಾತ ಅಂಗಿಯಿಂದ ಎರಡು ಒಗೆತಕ್ಕೂ ಹೋಗುವುದಿಲ್ಲ.

ದರದ ವಿಷಯ. ಕೆಜಿಗೆ 600 ರೂಪಾಯಿ ಕೊಟ್ಟೆ. ಟನ್ ಆಹಾರಕ್ಕೆ 300 ರೂಪಾಯಿಯಂತೆ, ನಾಲ್ಕು ಕೆಜಿ ತಿನ್ನುವ ಕೋಳಿಯೊಂದಕ್ಕೆ 1 ರೂಪಾಯಿ 20 ಪೈಸೆ ಬೀಳುತ್ತದೆ. ಹಾಸಿನ ಹೊಟ್ಟಿನಲ್ಲಿ ಉಳಿತಾಯವಾದ ಹಣವೂ ಆಳಿನ ಶ್ರಮವೂ ಇದನ್ನು ಬಹುಮಟ್ಟಿಗೆ ತೂಗಿಸಿದವು. ದೂರಬೇಕಾದದ್ದು ಮಾರಾಟದ ರೀತಿಯನ್ನು: ಮೊದಲ ಸಲ ಕೊಟ್ಟ ಪೊಟ್ಟಣ ತಗಡಿನ ಸೂರಿನ ಕೋಣೆಯಲ್ಲಿ ಕಾದು, ತೇವ ಹಿಡಿದು ಗಂಟು ಕಟ್ಟಿತ್ತು, ಅವಧಿ ಮುಗಿಯಲು ಒಂದೇ ತಿಂಗಳಿತ್ತು; ಬದಲಾಯಿಸಿಕೊಡಲು ಮೂರು ಸಲ ಅಲೆಸಿದರು. ಚೀಲ ಕೊಂಡರೆ ಕೆಜಿಗೆ ಕಡಿಮೆ ಬೀಳುತ್ತದೆಂದು ಈಗಲೂ ಹೇಳುತ್ತಾರೆ, ನಾನು ಒಂದು ಕೆಜಿಯ ಪೊಟ್ಟಣವನ್ನೇ ತಯಾರಿಕೆಯ ದಿನಾಂಕ ನೋಡಿ ತರುತ್ತೇನೆ. ಮುಂದಿನ ಬ್ಯಾಚಿನ ಎರಡೂ ಪಾಲುಗಳಿಗೆ ಅಷ್ಟು ಸಾಕು, ಆದರೆ ಅದಕ್ಕೂ ಮೊದಲು ಪಶ್ಚಿಮದ ಟಾರ್ಪಾಲನ್ನು ಬದಲಾಯಿಸಬೇಕಾಗಿದೆ.